ನೀಲಿ ಸೈಕಲ್ಲಿನ ಕೊರಳು

ಅಂಕೋಲೆಯಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿ ಆ ದಿನ ನಾನು ಅತ್ತಿಗೆಯ ಸೈಕಲ್ಲಿನ ಫ್ರೇಮನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಚಕ್ರವಿಲ್ಲ, ಹ್ಯಾಂಡಲ್ಲಿಲ್ಲ, ಸೀಟಿಲ್ಲ. ಬರೀ ಅಸ್ಥಿಪಂಜರ. ಕಂಡಕ್ಟರ್ ಸೀರೆಯ ಅಂಚು ಎತ್ತಿ ಇಣುಕಿ, "ಎಂತದಕ್ಕಾ ಇದು, ಎಮ್ಮೆ ಎಲುಬಾ?" ಎಂದ. "ಹೌದು, ಅದಕ್ಕೂ ಒಂದು ಟಿಕೆಟ್ ಕೊಡು" ಎಂದೆ. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಆ ಫ್ರೇಮು ಮತ್ತೆ ಹತ್ತಿ ಓಡಿಸಲು ಯೋಗ್ಯವೋ ಅಲ್ಲವೋ ಎಂದು ಹೇಳುವ ಕೆಲಸ ನನ್ನ ತಲೆಗೆ ಬಂದಿತ್ತು. ಉತ್ತರ ಏನಿರಬೇಕು ಎನ್ನುವುದನ್ನು ಮಾತ್ರ ನಾನು ಬಸ್ಸು ಹತ್ತುವ ಮೊದಲೇ ಗೊತ್ತು ಮಾಡಿಕೊಂಡಿದ್ದೆ.

ಅತ್ತಿಗೆ ಎಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅಂಕೋಲಾ ಪೇಟೆಯಿಂದ ಸ್ವಲ್ಪ ಒಳಗೆ ಅವರ ಮನೆ, ಗದ್ದೆ, ಹತ್ತಾರು ಈಶಾಡು ಮಾವಿನ ಮರಗಳು. ನಾನು ಕಾರವಾರದ ಸರ್ವೆ ಇಲಾಖೆಯಲ್ಲಿದ್ದೇನೆ, ಕೋಡಿಬಾಗದಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದೇನೆ. ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕತೆಯೇನೂ ಇಲ್ಲ, ಕೇಳುವವರಿಗೆ ಬೇಜಾರಾಗುತ್ತದೆ ಅಷ್ಟೇ.

ಸೈಕಲ್ಲು ಮನೆಗೆ ಬಂದದ್ದು ಅಣ್ಣನ ಸಕ್ಕರೆ ಕಾಯಿಲೆಯ ದೆಸೆಯಿಂದ. ಡಾಕ್ಟರು ಮೈ ಬೆವರಿಸಿ ಎಂದರು. ಅಣ್ಣನಿಗೆ ಯಾವುದನ್ನೂ ಸಣ್ಣದಾಗಿ ಮಾಡಿ ಗೊತ್ತಿಲ್ಲ. ನೆಟ್ಟಗೆ ಹುಬ್ಬಳ್ಳಿಗೆ ಹೋಗಿ ದಪ್ಪ ಟಯರಿನ, ಗೇರಿನ, ಗುಡ್ಡ ಹತ್ತಿ ಇಳಿಯುವಂಥ ನೀಲಿ ಸೈಕಲ್ ತಂದ. ಹನ್ನೊಂದು ದಿನ ಓಡಿಸಿದ. ಹನ್ನೆರಡನೆಯ ದಿನ ಬೆನ್ನು ನೋವು ಬಂತು, ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿತು. ಅದರ ಮೇಲೆ ಕೋಳಿ ಕೂರಲು ಶುರುವಾದ ಮೇಲೆ ಅತ್ತಿಗೆ ಒಂದು ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದಾಗ, ಅದನ್ನು ಅಂಗಳಕ್ಕೆ ತಂದು ಹತ್ತಿದಳಂತೆ. ಆಗ ಅವಳಿಗೆ ಐವತ್ತು. ಸಣ್ಣವಳಿದ್ದಾಗ ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಳು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಮುಂದಿನ ತಿಂಗಳೇ ನಾನೂ ಒಂದು ಬೂದು ಬಣ್ಣದ್ದು ಕೊಂಡು ಅಣ್ಣನ ಮನೆಯಲ್ಲೇ ಇಟ್ಟೆ. ನನ್ನದು ದೊಡ್ಡ ಅಳತೆಯದು, ಗಿಡ್ಡ ಅತ್ತಿಗೆಗೆ ಅದರ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಶನಿವಾರ ಸಂಜೆ ಬಸ್ಸಿನಲ್ಲಿ ಅಂಕೋಲೆಗೆ ಬರುವುದು, ಭಾನುವಾರ ಬೆಳಗಿಗೆ ಮುಂಚೆ ಇಬ್ಬರೂ ಯಲ್ಲಾಪುರದ ರಸ್ತೆ ಹಿಡಿಯುವುದು. ಹದಿನೆಂಟು ವರ್ಷ ನಾನು ಅವಳನ್ನು "ನೀವು" ಎಂದಿದ್ದೆ. ಮೊದಲ ಇಳಿಜಾರಿನಲ್ಲಿ ಅವಳು ಯಾರದೋ ಬೇಲಿಗೆ ನುಗ್ಗುವುದನ್ನು ಕಂಡು "ಹಿಡಿಯೇ ಬ್ರೇಕು!" ಎಂದು ಕೂಗಿದೆ. ಅಲ್ಲಿಂದ ಮುಂದೆ "ನೀನು" ಆಯಿತು.

ಆ ಭಾನುವಾರಗಳ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಕಾಗುವುದಿಲ್ಲ. ನಡೆದದ್ದು ಏನೂ ಇಲ್ಲ. ಹೆದ್ದಾರಿಯ ಲಾರಿಗಳಿಗೆ ಬೈಯುತ್ತ ಹೋಗುತ್ತಿದ್ದೆವು. ಸುಂಕಸಾಳದ ಹತ್ತಿರ ಟಾರು ಬಿಟ್ಟು ಹೊಳೆಯ ಕಡೆಗೆ ಇಳಿಯುವ ಮಣ್ಣು ದಾರಿ ಹಿಡಿದು ಒಂದಷ್ಟು ಸುತ್ತಾಡುತ್ತಿದ್ದೆವು. ಮತ್ತೆ ರಸ್ತೆಗೆ ಬಂದು ರಾಮನಗುಳಿಯಲ್ಲಿ ಒಂದು ಹೋಟೆಲಿನ ಬೆಂಚಿನ ಮೇಲೆ ಕೂತು ಬನ್ಸು, ಚಾ. ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ತಳ ಕೆರೆದುಕೊಂಡು ಉಣ್ಣುವವಳು ಅಲ್ಲಿ ಕೂತ ಕೂಡಲೇ, "ನಂಗೆ ಎರಡು, ಬಿಸಿದು ಬೇಕು, ನಿನ್ನೆದು ಕೊಟ್ರೆ ತಿರ್ಗಿ ಕೊಡ್ತೆ" ಎನ್ನುತ್ತಿದ್ದಳು. ಅಲ್ಲಿ ಅವಳು ದೊಡ್ಡ ದನಿಯಲ್ಲಿ ನಗುತ್ತಿದ್ದಳು. ಅಣ್ಣನ ನಡಿಗೆಯನ್ನು ಅಣಕಿಸುತ್ತಿದ್ದಳು. ನನ್ನನ್ನೂ ಬಿಡುತ್ತಿರಲಿಲ್ಲ. ಬಾಳಿನಲ್ಲಿ ನನಗೆ ಗೆಳತಿ ಅಂತ ಸಿಕ್ಕಿದ್ದು ತಡವಾಗಿ, ಅದೂ ನಮ್ಮ ಮನೆಯ ಅಡಿಗೆಮನೆಯಲ್ಲೇ ಅಷ್ಟು ವರ್ಷ ಇದ್ದವಳು. ಊರಿಗೆ ತಿರುಗಿ ಬಂದು ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳೆಂದರೆ ಮತ್ತೆ ಅತ್ತಿಗೆಯೇ. ಮುಂದಿನ ಭಾನುವಾರದ ತನಕ ಆ ಇನ್ನೊಬ್ಬಳಿಗಾಗಿ ಕಾಯಬೇಕಿತ್ತು.

ಹೀಗೆ ನಾಲ್ಕು ವರ್ಷ ನಡೆಯಿತು. ಮಳೆಗಾಲದ ಮೂರು ತಿಂಗಳು ಬಿಟ್ಟು.

ಆಯುಧ ಪೂಜೆಗೆ ಸೈಕಲ್ ತೊಳೆಯುವ ಕೆಲಸ ಅತ್ತಿಗೆಯದೇ. ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಹುಲ್ಲಿನ ಸಿಂಬೆಯಿಂದ ತಿಕ್ಕಿ, ಸಂದಿಗೊಂದಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು ಹಾಕಿ, ಒರೆಸಿ, ಕೊಬ್ಬರಿ ಎಣ್ಣೆಯಲ್ಲಿ ಕಲೆಸಿದ ಕುಂಕುಮವನ್ನು ಹ್ಯಾಂಡಲ್ಲಿಗೆ ಒಂದು, ಸೀಟಿಗೆ ಒಂದು, ಚಕ್ರಗಳಿಗೆ ಒಂದೊಂದು ಹಚ್ಚಿ ಗೊಂಡೆ ಹೂವಿನ ಮಾಲೆ ಹಾಕುತ್ತಿದ್ದಳು. ಹೋದ ದಸರೆಯಲ್ಲಿ ಅವಳು ನೀಲಿ ಸೈಕಲ್ಲಿನ ಮುಂದೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದಳು. ಆಮೇಲೆ ನೋಡಿದರೆ ಹ್ಯಾಂಡಲ್ಲಿನ ಕೆಳಗೆ, ಮುಂಭಾಗದ ಗಿಡ್ಡ ಕೊಳವೆಗೆ ದಪ್ಪ ಕೊಳವೆ ಬಂದು ಸೇರುತ್ತದಲ್ಲ, ಅದರ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಹೆಬ್ಬೆಟ್ಟಿನಗಲದ ಇನ್ನೊಂದು ಕುಂಕುಮ.

"ಅಲ್ಲಿ ಎಂತಕೆ?" ಎಂದು ಕೇಳಿದ್ದೆ.

"ಕೊರಳಿಗೂ ಬೇಕಲಾ" ಎಂದಳು. ನಾನು ನಕ್ಕು, ಹಾಗಾದರೆ ಒಂದು ಸರವನ್ನೂ ಮಾಡಿಸು ಎಂದಿದ್ದೆ.

ದಸರೆಯ ಆಚೆಗೆ ಅವಳು ಇಳಿಜಾರಿನಲ್ಲಿ ಹೆದರಲು ಶುರುಮಾಡಿದಳು. ಮೊದಲು ನನಗಿಂತ ಮುಂದೆ ಹಾರಿಸಿಕೊಂಡು ಹೋಗುತ್ತಿದ್ದವಳು ಈಗ ಎರಡೂ ಬ್ರೇಕು ಅದುಮಿಕೊಂಡು ಇರುವೆಯ ಹಾಗೆ ಇಳಿಯುತ್ತಿದ್ದಳು. ಕಲ್ಲು ಸಿಕ್ಕರೆ ಇಳಿದು ತಳ್ಳುತ್ತಿದ್ದಳು. ವಯಸ್ಸಾಯಿತು ನಿನಗೆ, ಮುಂದಿನ ವರ್ಷ ಮೂರು ಚಕ್ರದ್ದು ಕೊಡಿಸುತ್ತೇನೆ ಎಂದು ನಾನು ದಾರಿಯುದ್ದಕ್ಕೂ ರೇಗಿಸುತ್ತಿದ್ದೆ. ಅವಳು ಬಾಯಿ ಬಿಡುತ್ತಿರಲಿಲ್ಲ. ನನ್ನ ಸ್ವಭಾವ ಅದು, ಒಬ್ಬರು ಸುಮ್ಮನಿದ್ದರೆ ಇನ್ನೂ ಎರಡು ಮಾತು ಹೆಚ್ಚಿಗೆ ಆಡುತ್ತೇನೆ.

ಜನವರಿಯ ಒಂದು ಭಾನುವಾರ ಸುಂಕಸಾಳದ ಮಣ್ಣು ದಾರಿಯಲ್ಲಿ ನಾವು ಹೊಳೆಯ ಕಡೆಗೆ ಇಳಿಯುತ್ತಿದ್ದೆವು. ಅವಳು ಮುಂದೆ, ನಾನು ಹಿಂದೆ. ಅವಳ ಬ್ರೇಕು ಕಿರ್ರೋ ಎನ್ನುತ್ತಿತ್ತು. ನನ್ನ ಸೈಕಲ್ಲಿಗೆ ವೇಗ ಹತ್ತಿತ್ತು, ದಾರಿ ಸಪೂರ, ಅವಳನ್ನು ದಾಟಲು ಜಾಗವಿಲ್ಲ. ನನಗೆ ರೇಗಿತು. "ಬಿಡೇ ಬ್ರೇಕು! ಎಷ್ಟು ಹೆದ್ರೂದು!" ಎಂದು ಕೂಗಿದೆ. ಅವಳು ಬಿಟ್ಟಳು. ಹತ್ತು ಮಾರು ಕೆಳಗೆ ಮಳೆಗಾಲದ ನೀರು ಕೊರೆದ ಚರಂಡಿಯೊಂದು ದಾರಿಗೆ ಅಡ್ಡ ಇತ್ತು. ಮುಂದಿನ ಚಕ್ರ ಅದರಲ್ಲಿ ಇಳಿಯಿತು, ಹಿಂದಿನದು ಎದ್ದಿತು, ಅತ್ತಿಗೆ ಹ್ಯಾಂಡಲ್ಲಿನ ಮೇಲಿಂದ ಹಾರಿ ಬಲಭುಜದ ಮೇಲೆ ಬಿದ್ದಳು. ಸೈಕಲ್ಲು ಅವಳ ಮೇಲಿಂದ ಉರುಳಿ ಒಂದು ಚಿರೆಕಲ್ಲಿಗೆ ಬಡಿಯಿತು. ಆ ಶಬ್ದ ನನ್ನ ಕಿವಿಯಿಂದ ಹೋಗಿಲ್ಲ.

ಭುಜದ ಮುಂದಿನ ಎಲುಬು ಮುರಿದಿತ್ತು. ಬೇರೇನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಕೈಗೆ ಜೋಳಿಗೆ ಹಾಕಿಸಿಕೊಂಡು ಕೂತಿದ್ದಾಗಲೂ ಅವಳು ನನ್ನ ಮೇಲೆ ದೂರು ಹೇಳಲಿಲ್ಲ. "ನಂದೇ ತಪ್ಪು, ಕಂಡ್ಲಿಲ್ಲ" ಎಂದಳು. ನಾನೂ ಕೂಗಿದ್ದನ್ನು ಅಣ್ಣನಿಗೆ ಹೇಳಲಿಲ್ಲ. ಅಣ್ಣ ಒಂದು ಗಂಟೆ ಕೂಗಾಡಿ, ದಣಿದು, ಕೊನೆಗೆ ಒಂದು ಕಟ್ಟಳೆ ಹಾಕಿದ. "ಎಲುಬು ಕೂಡ್ಲಿ. ಆ ಸೈಕಲ್ಲು ಸಮ ಅದೆ ಅಂದ್ರೆ ಹೋಗ್ಲಿ, ನಾ ಬ್ಯಾಡ ಹೇಳೂದಿಲ್ಲ. ಅದು ಹಾಳಾಗದೆ ಅಂದ್ರೆ ಅಲ್ಲಿಗೆ ಮುಗೀತು. ಇನ್ನೊಂದು ಈ ಅಂಗಳಕ್ಕೆ ಬರೂಕಿಲ್ಲ." ನನ್ನ ಕಡೆ ತಿರುಗಿ, "ನೀನೇ ನೋಡಿ ಹೇಳು. ಊರವರ ಜಮೀನು ಅಳೀತೆ ಅಲಾ" ಎಂದ. ಅತ್ತಿಗೆ ಅಷ್ಟಕ್ಕೆ ಒಪ್ಪಿದಳು. ನಾನು ಬೇರೆ ಸೈಕಲ್ ಕೊಡಿಸುತ್ತೇನೆಂದು ಬಾಯಿ ತೆರೆದರೆ, ಬೇಡ ಎನ್ನುವಂತೆ ಎಡಗೈಯಿಂದ ನನ್ನ ಮೊಣಕೈ ಹಿಡಿದು ಒತ್ತಿದಳು. ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು ಅವಳಿಗೆ ಯಾವತ್ತೂ ಬೇಡ.

ಹೀಗಾಗಿ ನನ್ನ ಭಾನುವಾರಗಳೆಲ್ಲ ಆ ನೀಲಿ ಕೊಳವೆಗಳೊಳಗೆ ಹೋಗಿ ಕೂತವು. ಮೂರು ತಿಂಗಳು ಎಲುಬು ಕೂಡಲು ಕಾದೆವು. ಆ ಮೂರು ತಿಂಗಳು ನಾನು ಶನಿವಾರಗಳನ್ನು ಕಂಡರೆ ಆಗದವಳಾದೆ. ಭಾನುವಾರ ಬೆಳಿಗ್ಗೆ ತಾನಾಗಿ ಎಚ್ಚರವಾಗುತ್ತಿತ್ತು, ಎದ್ದು ಕೂತು ಕಾಳಿ ಹೊಳೆಯ ಕಡೆ ನೋಡುತ್ತಿದ್ದೆ, ಹೊಳೆಗೂ ನನಗೂ ಮಾತಾಡಲು ಏನೂ ಇರುತ್ತಿರಲಿಲ್ಲ. ಏಪ್ರಿಲ್ಲಿನಲ್ಲಿ ಡಾಕ್ಟರು ಎಲುಬು ಕೂಡಿದೆ ಎಂದ ಮೇಲೆ ಸೈಕಲ್ಲನ್ನು ಬಿಚ್ಚಿ, ಬರೀ ಫ್ರೇಮನ್ನು ಎಮ್ಮೆಯ ಎಲುಬಿನ ಹಾಗೆ ಹೊತ್ತುಕೊಂಡು ಕೋಡಿಬಾಗಕ್ಕೆ ಬಂದೆ.

ಮೊದಲು ನನಗೆ ಬರುವ ವಿದ್ಯೆಯನ್ನೇ ಮಾಡಿದೆ, ಅಳೆದೆ. ಹಿಂದಿನ ಚಕ್ರದ ಅಚ್ಚು ಕೂರುವ ಕಡೆ ಫ್ರೇಮಿಗೆ ಎರಡು ಕಿವಿಗಳಿರುತ್ತವೆ. ಒಂದು ಕಿವಿಗೆ ದಾರ ಕಟ್ಟಿ, ಮುಂದಿನ ಕೊರಳನ್ನು ಸುತ್ತಿಸಿ ತಂದು, ಇನ್ನೊಂದು ಕಿವಿಗೆ ಬಿಗಿದೆ. ನಡುವೆ ಸೀಟಿನ ಕಂಬ ನಿಂತಿರುತ್ತದೆ. ಕಂಬಕ್ಕೂ ದಾರಕ್ಕೂ ಇರುವ ಅಂತರ ಎರಡೂ ಬದಿಗೆ ಒಂದೇ ಇದ್ದರೆ ಫ್ರೇಮು ಸೊಟ್ಟಗಾಗಿಲ್ಲ ಎಂದು ಅರ್ಥ. ಮೂರು ಸಲ ಅಳೆದೆ. ಬೆಂಕಿಕಡ್ಡಿಯಷ್ಟೂ ವ್ಯತ್ಯಾಸವಿರಲಿಲ್ಲ. ಸಂತೋಷದಲ್ಲಿ ಒಬ್ಬಳೇ ಗಟ್ಟಿಯಾಗಿ "ಹ್ಹಾ!" ಎಂದೆ.

ಆಮೇಲೆ ಕಣ್ಣು ಹಾಯಿಸಿದೆ. ಕಲ್ಲಿಗೆ ಬಡಿದ ಜಾಗದಲ್ಲಿ ಬಣ್ಣ ಕಿತ್ತು ಬೆಳ್ಳಗಾಗಿತ್ತು, ಸಣ್ಣ ತಗ್ಗು ಬಿದ್ದಿತ್ತು, ಅದು ಮೇಲುಮೇಲಿನ ಗಾಯ. ಕೊರಳಿನ ಅಡಿಯಲ್ಲಿ ದಸರೆಯ ಕುಂಕುಮ ಒಣಗಿ ಕೂತಿತ್ತು. ಎಣ್ಣೆ ಹಚ್ಚಿ ಬಟ್ಟೆಯಿಂದ ಉಜ್ಜಿದೆ. ಬೊಟ್ಟು ಹೋಯಿತು. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಒಂದು ಕೆಂಪು ಗೆರೆ ಉಳಿಯಿತು. ಮತ್ತೆ ಉಜ್ಜಿದರೂ ಹೋಗಲಿಲ್ಲ. ಕುಂಕುಮ ಅಂಚಿನಲ್ಲಿ ಕೂತುಬಿಟ್ಟಿದೆ, ಇರಲಿ ಎಂದುಕೊಂಡೆ. ದೇವರ ಮನೆಯ ಹೊಸ್ತಿಲಿನಲ್ಲಿ, ತುಳಸಿ ಕಟ್ಟೆಯಲ್ಲಿ ಹುಟ್ಟಿದಾಗಿನಿಂದ ಇಂಥ ಕೆಂಪು ಗೆರೆ ನೋಡಿಕೊಂಡು ಬೆಳೆದವರಿಗೆ ಅದರಲ್ಲಿ ಅನುಮಾನ ಪಡುವಂಥದು ಏನೂ ಕಾಣುವುದಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಗಡಿಯ ಕಲ್ಲು ತಾನು ಹೇಳಿದಲ್ಲೇ ಇದೆ ಎಂದು ಆಣೆ ಮಾಡಿ ಹೇಳುವವರನ್ನು ನಾನು ಎಷ್ಟು ನೋಡಿಲ್ಲ. ಅವರು ಸುಳ್ಳು ಹೇಳುವುದಿಲ್ಲ. ಅವರಿಗೆ ಕಲ್ಲು ಅಲ್ಲೇ ಕಾಣುತ್ತದೆ.

ಪೇಟೆಯ ಸೈಕಲ್ ರಿಪೇರಿಯವನಿಗೂ ತೋರಿಸಿದೆ. ಅವನು ಎತ್ತಿ, ತಿರುಗಿಸಿ, ಅಂಗೈಯಿಂದ ಎರಡೇಟು ಹಾಕಿ, "ಗಟ್ಟಿ ಅದೆ ಅಕ್ಕಾ. ಪೇಂಟ್ ಹೋಗಿದ್ದು ಅಷ್ಟೇಯ. ಆರಾಮ ಓಡ್ಸಿ" ಎಂದ. ಅವನ ಮಾತು ಕೇಳಿ ಅವನಿಗೊಂದು ದೇವಸ್ಥಾನ ಕಟ್ಟಿಸಬೇಕು ಎನ್ನಿಸಿತು.

ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದು ಬರುವಾಗ ನನ್ನ ಹೆಬ್ಬೆರಳು ಕೊರಳಿನ ಅಡಿಯಲ್ಲೇ ಇತ್ತು. ಸುಮ್ಮನೆ ಉಗುರನ್ನು ಆ ಕೆಂಪು ಗೆರೆಯ ಮೇಲೆ ಆಡಿಸಿದೆ. ಉಗುರು ಸಿಕ್ಕಿಕೊಂಡಿತು. ಮತ್ತೆ ಆಡಿಸಿದೆ. ಮತ್ತೆ ಸಿಕ್ಕಿಕೊಂಡಿತು. ಬಣ್ಣದ ಮೇಲೆ ಕೂತ ಕುಂಕುಮಕ್ಕೆ ಉಗುರು ಹೀಗೆ ಸಿಕ್ಕಿಕೊಳ್ಳಬಾರದು. ಮನೆಯ ಬಾಗಿಲ ತನಕ ಬಂದವಳು ಬೀಗ ತೆಗೆಯದೆ ಹೊಳೆಯ ದಂಡೆಗೆ ಇಳಿದೆ.

ಅಲ್ಲಿ ದೋಣಿಗಳ ಡೀಸೆಲ್ ಟಾಂಕಿ ರಿಪೇರಿ ಮಾಡುವ ಒಬ್ಬರ ಶೆಡ್ಡಿದೆ. ಅರವತ್ತು ದಾಟಿದವರು, ಮನೆಮಾತು ಕೊಂಕಣಿ, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡುವವರಲ್ಲ. ಫ್ರೇಮನ್ನು ನೋಡಿ, ಉಗುರು ಆಡಿಸಿ, "ಟಾಂಕಿಗೆ ಮಾಡೂ ಹಂಗೇ ಮಾಡ್ವಾ" ಎಂದರು. ಕೊರಳಿನ ಸುತ್ತ ಹೊರಗಿನಿಂದ ಗೋಡೆಗೆ ಹಚ್ಚುವ ಬಿಳಿ ಸುಣ್ಣ ತೆಳ್ಳಗೆ ಬಳಿದು ಬಿಸಿಲಿಗಿಟ್ಟರು. ಒಣಗಿದ ಮೇಲೆ ಫ್ರೇಮನ್ನು ತಲೆಕೆಳಗಾಗಿ ನಿಲ್ಲಿಸಿ, ಕೊರಳಿನ ತೂತುಗಳಿಗೆ ಬಟ್ಟೆ ತುರುಕಿ ಸೋಪು ಮೆತ್ತಿ, ಪೆಡಲಿನ ಅಚ್ಚು ಕೂರುವ ತೂತಿನಿಂದ ದಪ್ಪ ಕೊಳವೆಯ ಒಳಗೆ ದೋಣಿಯ ಸೀಮೆಎಣ್ಣೆ ಹೊಯ್ದರು. "ನೀರಿಗೆ ದಾರಿ ಸಿಗ್ದಿದ್ದಲ್ಲಿ ಸೀಮೆಎಣ್ಣೆಗೆ ಸಿಗ್ತದೆ. ಒಡಕಿದ್ರೆ ಸುಣ್ಣ ಹೇಳ್ತದೆ. ಚಾ ಕುಡೀರಿ" ಎಂದರು.

ಚಾ ಕುಡಿದೆ. ಅವರು ಬೀಡಿಯನ್ನು ದೂರ ಹೋಗಿ ಸೇದಿ ಬಂದರು. ಸುಣ್ಣ ಬೆಳ್ಳಗೇ ಇತ್ತು. ನಾನು ಮನಸ್ಸಿನಲ್ಲೇ ಅತ್ತಿಗೆಗೆ ಫೋನು ಮಾಡಿ, ಮುಂದಿನ ಭಾನುವಾರ ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಿಯೂ ಆಗಿತ್ತು. ಆಗ ಸುಣ್ಣದ ಮೇಲೆ ಒಂದು ಗೆರೆ ಒದ್ದೆಯಾಯಿತು. ಬೆಸುಗೆಯ ಅಂಚಿನಲ್ಲಿ, ಬಿಲ್ಲಿನ ಹಾಗೆ ಬಾಗಿ, ನನ್ನ ಕಿರುಬೆರಳಿನಷ್ಟು ಉದ್ದ.

ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇಲ್ಲಿ ನೋಡಿ. ನಡು ಕೆಂಪು ಅದೆ. ಎರಡೂ ತುದೀಲಿ ಕೆಂಪಿಲ್ಲ, ಬರೀ ಒದ್ದೆ. ಈ ಕೆಂಪು ಎಂತದು?"

"ಕುಂಕುಮ. ದಸರೆಗೆ ಹಚ್ಚಿದ್ದು."

"ಬಿದ್ದಿದ್ದು ಯಾವಾಗ?"

"ಜನವರೀಲಿ."

"ಹಂಗಾದ್ರೆ ನಡುವಿಂದು ಬಿದ್ದಾಗ ಆಗಿದ್ದಲ್ಲ. ದಸರಕ್ಕೇ ಒಡ್ದಿತ್ತು. ಎಣ್ಣೆ ಕುಂಕುಮ ಒಳಗೆ ಇಳ್ದದೆ. ಬಿದ್ದ ಮೇಲೆ ತುದಿ ಮುಂದೆ ಹೋಗದೆ ಅಷ್ಟೇ."

ನಾನು ಹಳೆಯ ನಕ್ಷೆ ಓದುವವಳು, ನನಗೆ ಬೇರೆ ವಿವರಣೆ ಬೇಕಿರಲಿಲ್ಲ. ನನ್ನ ದಾರದ ಅಳತೆ ಸುಳ್ಳಾಗಿರಲಿಲ್ಲ. ಫ್ರೇಮು ಸೊಟ್ಟಗಿರಲಿಲ್ಲ, ಒಡೆದಿತ್ತು. ಬೆಸುಗೆ ಹಾಕಬಹುದೇ ಎಂದು ಕೇಳಿದೆ. ಹಾಕಬಹುದು, ಇದು ಅಲ್ಯುಮಿನಿಯಂ, ಬೆಸುಗೆ ನಿಲ್ಲುತ್ತದೆ, ಅದರ ಪಕ್ಕದ್ದು ಬಿಸಿಗೆ ಮೆತ್ತಗಾಗಿ ಇನ್ನೊಂದು ದಿನ ಹೋಗುತ್ತದೆ ಎಂದರು. ಆಮೇಲೆ ಕೇಳಿದರು, "ಯಾರು ಓಡ್ಸೂದು ಇದನ್ನ?"

"ನಾನೇ" ಎಂದೆ. ಯಾಕೆ ಹಾಗೆ ಹೇಳಿದೆನೋ.

"ನೀವಾದ್ರೆ ನಿಮ್ಮಿಷ್ಟ, ನಿಮ್ಮ ಜೀವ. ಬೇರೆಯವ್ರಿಗೆ ಕೊಡೂದಾದ್ರೆ ಕೊಡ್ಬೇಡಿ. ಎಸಿಯೂದಾದ್ರೂ ಕೊಯ್ದು ಎಸೀರಿ. ಇಲ್ದಿದ್ರೆ ಯಾರಾದ್ರೂ ಎತ್ಕಂಡು ಹೋಗಿ ಚಕ್ರ ಹಾಕ್ತಾರೆ."

ಎರಡು ದಿನ ಆ ಫ್ರೇಮು ನನ್ನ ಮನೆಯ ಗೋಡೆಗೆ ಒರಗಿ ನಿಂತಿತ್ತು. ಆ ಎರಡು ದಿನ ನಾನು ಏನೇನು ಯೋಚಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸುಣ್ಣ ತೊಳೆದರೆ ಯಾರಿಗೂ ಕಾಣುವುದಿಲ್ಲ. ದಸರೆಯಿಂದ ಜನವರಿಯ ತನಕ ಒಡೆದ ಫ್ರೇಮಿನಲ್ಲೇ ಅವಳು ಓಡಿಸಿದ್ದಾಳೆ, ಮುರಿದು ಬೀಳಲಿಲ್ಲವಲ್ಲ. ಮಣ್ಣು ದಾರಿ ಬಿಟ್ಟು ಟಾರಿನ ಮೇಲೆ ಮಾತ್ರ ಹೋದರಾಯಿತು. ರಾಮನಗುಳಿಯ ತನಕ, ಮೆಲ್ಲಗೆ. ಒಂದು ಭಾನುವಾರ. ಅಥವಾ ಮಳೆ ಹಿಡಿಯುವ ತನಕ ನಾಲ್ಕೈದು ಭಾನುವಾರ. ಆಮೇಲೆ ಬೇಕಾದರೆ ಒಡೆದಿದೆ ಎಂದು ಹೇಳಿದರಾಯಿತು. ನನಗೆ ಅವಳು ಬೇಕಿತ್ತು. ಬನ್ಸಿನ ಬಿಸಿಗೆ ಸುಟ್ಟ ಬೆರಳಿಗೆ ಉಫ್ ಎಂದು ಊದುತ್ತ ಅಣ್ಣನನ್ನು ಅಣಕಿಸುವವಳು ಬೇಕಿತ್ತು. ಅವಳ ಜೀವವನ್ನು ನಾಲ್ಕು ಭಾನುವಾರಗಳಿಗೆ ತೂಗಿ ನೋಡುತ್ತಿದ್ದೇನೆ ಎಂದು ಗೊತ್ತಾಗಿ ಎರಡನೆಯ ದಿನ ಸಂಜೆ ನನ್ನ ಮೇಲೆ ನನಗೇ ಹೇಸಿಗೆ ಬಂತು. ಮರುದಿನ ರಜೆ ಹಾಕಿ, ಫ್ರೇಮನ್ನು ಅದೇ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಸುಣ್ಣವನ್ನು ತೊಳೆದಿರಲಿಲ್ಲ.

ಅಣ್ಣ ಮಾವಿನಕಾಯಿಯ ವ್ಯಾಪಾರಕ್ಕೆ ಪೇಟೆಗೆ ಹೋಗಿದ್ದ. ಅತ್ತಿಗೆ ಜಗಲಿಯಲ್ಲಿ ಕೂತು ಈಶಾಡು ಕಾಯಿಗಳನ್ನು ಹುಲ್ಲಿನ ಮೇಲೆ ಹಣ್ಣಿಗೆ ಹಾಕುತ್ತಿದ್ದಳು. ಬಲಗೈ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ. ನನ್ನನ್ನು ಕಂಡು ಎದ್ದವಳು, ಸೀರೆ ಸುತ್ತಿದ ಗಂಟನ್ನು ನೋಡಿ ಮತ್ತೆ ಕೂತಳು. ನಾನು ಬಿಚ್ಚಿ ಕೊರಳನ್ನು ಅವಳ ಕಡೆಗೆ ತಿರುಗಿಸಿದೆ. ಬಿಳಿಯ ಮೇಲೆ ಗೆರೆ ಒಣಗಿದ್ದರೂ ಕೆಂಪು ಉಳಿದಿತ್ತು. ಸೀಮೆಎಣ್ಣೆ, ಸುಣ್ಣ, ನಡುವಿನ ಕೆಂಪು, ತುದಿಯ ಒದ್ದೆ, ಎಲ್ಲ ಹೇಳಿದೆ.

"ಇದು ಬೀಳೂಕೆ ಮೊದ್ಲೇ ಒಡ್ದಿತ್ತು ಅತ್ತಿಗೆ. ದಸರೆ ಹೊತ್ತಿಗೇ. ನಮ್ಗೆ ಗೊತ್ತೇ ಆಗ್ಲಿಲ್ಲ ನೋಡು."

ಅವಳು ಒಂದು ಮಾವಿನಕಾಯಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಹುಲ್ಲಿನಲ್ಲಿ ಹೂತಿಟ್ಟು ಹೇಳಿದಳು.

"ನಂಗೆ ಗೊತ್ತಿತ್ತು."

ನಾನು ಫ್ರೇಮನ್ನು ನೆಲಕ್ಕೆ ಇಳಿಸಿದೆ.

"ಆಯುಧ ಪೂಜೆ ದಿನ ತೊಳೀವಾಗ ಕಂಡಿತ್ತು. ಬ್ರಶ್ಶಿನ ಕೂದ್ಲು ಸಿಕ್ಕಾಕ್ಕಂಡ್ತು. ಹೇಳಿದ್ರೆ ನೀ ಅವತ್ತೇ ಸೈಕಲ್ ಒಳಗಿಟ್ಟು ಬೀಗ ಹಾಕ್ತಿದ್ದೆ, ನಿಮ್ಮಣ್ಣ ಕೋಲು ಹಿಡ್ಕಂಡು ಕೂರ್ತಿದ್ದ. ಮತ್ತೆ ಭಾನುವಾರ ನಾ ಎಂತ ಮಾಡೂದು? ಅದ್ರ ಮೇಲೆ ಕುಂಕುಮ ಹಚ್ಚಿ, ಹಿಡ್ಕಾ ತಾಯೇ ಹೇಳಿ ಕೈ ಮುಗ್ದೆ."

"ನಿಂಗೆ ತಲೆ ಸಮ ಅದೆಯಾ?" ಎಂದು ಕಿರುಚಿದೆ. "ಇಳಿಜಾರಲ್ಲಿ ಮುರಿದಿದ್ರೆ?"

"ಅದ್ಕೇ ಅಲಾ ಮೆಲ್ಲಗೆ ಇಳೀತಿದ್ದೆ" ಎಂದಳು.

ಇರುವೆಯ ಹಾಗೆ ಇಳಿಯುತ್ತಿದ್ದವಳು, ಕಲ್ಲು ಕಂಡರೆ ಇಳಿದು ತಳ್ಳುತ್ತಿದ್ದವಳು, ನಾನು ಮೂರು ಚಕ್ರದ್ದು ಕೊಡಿಸುತ್ತೇನೆ ಎಂದು ರೇಗಿಸಿದಾಗ ಬಾಯಿ ಬಿಡದವಳು. ಬಿಡೇ ಬ್ರೇಕು ಎಂದು ಕೂಗಿದ್ದು ನಾನು. ಗೊತ್ತಿದ್ದೂ ಅವಳು ಬಿಟ್ಟಿದ್ದಳು.

"ಎಂತಕೆ ಬಿಟ್ಟೆ?" ಎಂದೆ.

"ನೀ ಬೇಜಾರಾಗಿ ಬರೂದು ಬಿಟ್ರೆ ಅಂತ ಹೆದ್ರಿಕೆ ಆಯ್ತು ಮಾರಾಯ್ತಿ. ಮೆಲ್ಲಗೆ ಹೋಗುವವ್ರ ಸಂಗ್ತಿ ನಿಂಗೆ ಆಗ್ತದಾ?" ಅವಳು ನಗಲು ನೋಡಿದಳು, ಆಗಲಿಲ್ಲ. "ಆದ್ರೂ ದಸರೆಯಿಂದ ಈಚೆಗಿನ ಭಾನುವಾರ ಎಲ್ಲ ಎಷ್ಟು ಚೆಂದ ಇತ್ತು ಅಲಾ? ಇದೇ ಕಡೇದು ಇರ್ಬಹುದು ಹೇಳಿ ಪ್ರತಿ ಸಲ ನೋಡ್ಕಂಡು ನೋಡ್ಕಂಡು ಬರ್ತಿದ್ದೆ."

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಐವತ್ತು ದಾಟಿದ ಮೇಲೆ ಅಷ್ಟು ಅತ್ತದ್ದು ಅದೇ ಮೊದಲು. ಅವಳು ಮಾವಿನಕಾಯಿಗಳ ಮೇಲೆ ಹುಲ್ಲು ಮುಚ್ಚುತ್ತ ಪಕ್ಕದಲ್ಲಿ ಇದ್ದಳು. ಆಮೇಲೆ ಒಳಗೆ ಹೋಗಿ ಅಣ್ಣನ ಪೆಟ್ಟಿಗೆಯಿಂದ ಕಬ್ಬಿಣ ಕೊಯ್ಯುವ ಗರಗಸ ತಂದಳು. ಕೊಯ್ದು ಎಸೆಯಬೇಕು ಎಂದು ಶೆಡ್ಡಿನವರು ಅಂದದ್ದನ್ನೂ ಅವಳಿಗೆ ಹೇಳಿದ್ದೆನಲ್ಲ.

ಅಂಗಳದಲ್ಲಿ ಅವಳು ಕುಕ್ಕರುಗಾಲಿನಲ್ಲಿ ಕೂತು ಎಡಗೈಯಿಂದ ಫ್ರೇಮನ್ನು ಮೈಗೆ ಆನಿಸಿ ಹಿಡಿದುಕೊಂಡಳು. ನಾನು ಗರಗಸದ ಹಲ್ಲನ್ನು ಆ ಕೆಂಪು ಗೆರೆಯ ಮೇಲೇ ಇಟ್ಟೆ. ನೀಲಿ ಬಣ್ಣ ಪುಡಿಯಾಗಿ ಅವಳ ಸೀರೆಯ ಮೇಲೆ ಉದುರಿತು, ಅದರ ಹಿಂದೆ ಬೆಳ್ಳಿಯ ಹಾಗೆ ಹೊಳೆಯುವ ಪುಡಿ.

"ಮೆಲ್ಲಗೆ" ಎಂದಳು.

ಮೆಲ್ಲಗೇ ಕೊಯ್ದೆ. ಮುಗಿಯುವುದು ನನಗೂ ಬೇಕಿರಲಿಲ್ಲ.